ಏಳನೇ ಜೋಳದ ರೊಟ್ಟಿ

ಗೆಳೆಯರೇ, ಇವತ್ತು ಬೆಳಿಗ್ಗೆ ಭೀಮವ್ವನ ಕಾಲುಗಳ ತುಂಬ ಸಿಮೆಂಟಿತ್ತು. ಕೈಗಳನ್ನು ಮಾತ್ರ ಮೊಣಕೈವರೆಗೆ ತಿಕ್ಕಿ ತೊಳೆದಿದ್ದರು. ಇಲ್ಲಿ, ಮರಾಠಿ ಸೀಮೆಯ ಕಾತ್ರಜದಲ್ಲಿ ಇಟ್ಟಿಗೆ ಹೊರುವ ಗುಲ್ಬರ್ಗದ ಹೆಂಗಸು. ಹೊಸ ಜೋಳದ ತಳಿಗಳ ರೊಟ್ಟಿ ಬಡಿದು ರುಚಿ ಹೇಳಲು ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ಅವರ ಮಾತನ್ನು ಮರಾಠಿಗೆ ತಿರುಗಿಸಿ ಫಾರ್ಮು ತುಂಬುವುದು ನನ್ನ ಕೆಲಸ.

ಏಳನೇ ತಳಿಯ ರೊಟ್ಟಿ ಅಂಚಿನಲ್ಲೆಲ್ಲ ಬಿರಿಯಿತು. ಆರು ವರ್ಷ ಆ ತಳಿಯ ಬೆನ್ನು ಹತ್ತಿದ್ದ ನಮ್ಮ ವಿಜ್ಞಾನಿ ಮೇಡಂ ಮುಖ ಸಪ್ಪಗಾಯಿತು. "ಕಾಟು ಹೊಡಿ," ಎಂದರು ಮರಾಠಿಯಲ್ಲಿ. ನಾನು ಪೆನ್ನೆತ್ತಿದೆ.

"ತಡಿ ತಂಗಿ," ಎಂದರು ಭೀಮವ್ವ. "ಜ್ವಾಳದ್ದೇನ ತಪ್ಪಿಲ್ಲ. ಹಿಟ್ಟ ಹಳೇದದ. ಬೀಸಿ ಹದಿನೈದ ದಿನದ ಮ್ಯಾಲ ಆಗ್ಯಾದ, ಜಿಗಿ ಹೋಗ್ಯಾದ."

ಅದನ್ನು ಮೇಡಂಗೆ ಹೇಳಿದೆ. ಅವರು ನಕ್ಕರು. "ಎಲ್ಲಾ ನಿನ್ನೆ ಒಟ್ಟಿಗೇ ಬೀಸಿದ್ದು."

"ಹಂಗಾರ ನಿಮ್ಮ ವಹಿ ತಗದ ನೋಡ್ರಿ ಬಾಯಾರ."

ಬೀಸಿದ ದಿನ ಬರೆದಿಡುವ ವಹಿ ತೆಗೆದರು. ಏಳನೆಯದನ್ನು ಮಾತ್ರ ಮೂರು ವಾರದ ಹಿಂದೆಯೇ ಬೀಸಿ ಇಟ್ಟಿದ್ದರು.

ಅದೇ ಜೋಳವನ್ನು ಆಗಲೇ ಮತ್ತೆ ಬೀಸಿಸಿದರು. ಭೀಮವ್ವನ ಅಂಗೈಯಡಿ ರೊಟ್ಟಿ ತಿರುಗುತ್ತ ತಿರುಗುತ್ತ ತವೆಯಷ್ಟಗಲವಾಯಿತು, ಎಲ್ಲೂ ಬಿರಿಯಲಿಲ್ಲ. ಅದು ಉಬ್ಬುವುದನ್ನು ಮೇಡಂ ಎದ್ದು ನಿಂತು ನೋಡಿದರು.

ಫಾರ್ಮಿನಲ್ಲಿ ಎರಡು ಕಾಲಂಗಳಿವೆ: ರುಚಿ ನೋಡಿದವರು, ತಜ್ಞರು. ನಾಳೆ ಶುದ್ಧಪ್ರತಿ ಮಾಡುವಾಗ, ಯಾರನ್ನೂ ಕೇಳದೆ, ಭೀಮವ್ವನ ಹೆಸರನ್ನು ಎರಡನೆಯದರಲ್ಲಿ ಬರೆಯುತ್ತೇನೆ. ಅದರ ಪಕ್ಕದ ವಿದ್ಯಾರ್ಹತೆಯ ಜಾಗದಲ್ಲಿ 'ಕೈ' ಎಂದು ಬರೆಯುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.