ಜಿಂಕೆ ಕಾಲಿನ ಸೂಪು

ಮಗಳ ಬಾಣಂತನಕ್ಕೆ ಪರದೇಶದ ಈ ಹಿಲ್ಸ್‌ಬರೋಗೆ ಬಂದಿದ್ದೇನೆ, ಬಾಣಂತಿಗೆ ಇನ್ನೂ ಕಾಲು ಸೂಪಿಲ್ಲ. ಮೊನ್ನೆ ಮೇಕೆ ಕಾಲನ್ನು ಒಲೆಯ ಮೇಲೆ ಸುಡಲು ಹೋದರೆ ಹೊಗೆ ಅಲಾರಂ ಕಿರುಚಿ ಕೂಸು ಬೆಚ್ಚಿಬಿತ್ತು.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮುದುಕ ಟಾಮ್ ಬೇಟೆಯಾಡಿದ ಜಿಂಕೆಯನ್ನು ಎರಡು ಚಕ್ರದ ಕೈಗಾಡಿಯಲ್ಲಿ ತಂದ. ತನ್ನ ಗ್ಯಾರೇಜಿನಲ್ಲಿ ಅದರ ಹಿಂಗಾಲಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ರಾಟೆಯ ಹಗ್ಗ ಜಗ್ಗಿದ. ಅಷ್ಟು ದೊಡ್ಡ ಪ್ರಾಣಿ ಬಾವಿಯ ಕೊಡದ ಹಾಗೆ ಸಲೀಸಾಗಿ ಮೇಲೇರಿತು. ನಮ್ಮಲ್ಲಿ ಒಂದು ಕುರಿಯನ್ನು ಹುಣಸೆ ಕೊಂಬೆಗೆ ನೇತುಹಾಕಲು ಮೂರು ಗಂಡಸರು ಬೇಕು, ಕೂಗಾಡಲು ಇನ್ನಿಬ್ಬರು.

ಕತ್ತರಿಸಿದ ಕಾಲುಗಳನ್ನು ಅವನು ಕಸದ ಚೀಲಕ್ಕೆ ಹಾಕಿದಾಗ ನನಗೆ ತಡೆಯಲಾಗಲಿಲ್ಲ.

“ಅಳಿಯಂದ್ರೇ, ಆ ಕಾಲು ಕೊಡ್ತಾರಾ ಕೇಳಿ.”

“ಅತ್ತೆ, ಪ್ಲೀಸ್. ತುಂಬಾ ಎಂಬರಾಸಿಂಗ್ ಆಗುತ್ತೆ.”

“ನಿಮ್ಮ ಮರ್ಯಾದೆ ಕುದಿಸಿದ್ರೆ ಸೂಪಾಗಲ್ಲ. ಕೇಳಿ.”

ಕೇಳಿದರು. ಟಾಮ್ ನಗುತ್ತ ಕಾಲುಗಳನ್ನು ಕೊಟ್ಟ. ಕೂದಲು ಸುಡಬೇಕೆಂದು ಕೈಸನ್ನೆ ಮಾಡಿದೆ. ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚನ್ನೂ ಹೊತ್ತಿಸಿಕೊಟ್ಟ. ಬುಸ್ಸೆಂದು ಉರಿಯುವ ಅಂಥ ಬೆಂಕಿ ನಮ್ಮೂರಲ್ಲಿ ಯಾರ ಬಳಿಯೂ ಇಲ್ಲ. ಡ್ರೈವ್‌ವೇಯಲ್ಲೇ ಕೂತು ನಾಲ್ಕೂ ಕಾಲು ಸುಟ್ಟೆ. ಯಾವ ಅಲಾರಮ್ಮೂ ಕಿರುಚಲಿಲ್ಲ.

ಸಂಜೆ ಮಗಳು ಎರಡು ಲೋಟ ಕುಡಿದು ಮಲಗಿದಳು. ಅಳಿಯಂದಿರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅತ್ತೆ, ಸ್ವಲ್ಪ ಉಳಿದಿದ್ಯಾ?” ಎಂದರು.

“ಈಗ ಎಂಬರಾಸಿಂಗ್ ಆಗಲ್ವಾ?” ಎನ್ನುತ್ತಲೇ ಲೋಟ ತುಂಬಿಸಿದೆ.