ಸಾದಾ ಚುಕ್ಕಿ

ಹೋದ ವಾರ ಬೇಗಂಪೇಟೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುತ್ತೇನೆ. ಹೊಸ ಫೋನು, ಬಿಸಿಲಿಗೆ ಬಂದರೆ ಪರದೆಯೆಲ್ಲ ಕಪ್ಪು. ಅಂಗಡಿಯವನು ನೋಡಿ "ಠೀಕ್ ಹೈ ಮೇಡಂ" ಎಂದ. ನಾನು ಕಿತ್ತುಕೊಂಡು ನೋಡಿದರೆ ಕಪ್ಪು. ಅವನು ಇಸಕೊಂಡು ನೋಡಿದರೆ ಸರಿಯಾಗಿದೆ. ನನ್ನ ದನಿ ಏರಿತು, ಪಕ್ಕದ ಅಂಗಡಿಯವರೂ ಬಂದು ನಿಂತರು. ಆತ ಸಮಾಧಾನವಾಗಿ, "ಮೇಡಂ, ಜರಾ ಚಷ್ಮಾ ನಿಕಾಲೋ" ಎಂದ. ತೆಗೆದೆ. ಪರದೆಯ ಮೇಲೆ ನನ್ನ ಮಗಳು ಹಲ್ಲು ಬಿಟ್ಟು ನಗುತ್ತಿದ್ದಳು. ದೋಷವೆಲ್ಲ ಎರಡು ದಿನದ ಹಿಂದೆ ಕೊಂಡ ನನ್ನ ತಂಪು ಕನ್ನಡಕದ್ದು.

ಇಷ್ಟೇ ಆಗಿದ್ದರೆ ಮರೆತುಬಿಡಬಹುದಿತ್ತು. ಆದರೆ ನಾನು ಪಿಎಚ್.ಡಿ. ಮಾಡಿದ್ದೇ ಇದರಲ್ಲಿ! ಬೆಳಕು ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಒಂದೇ ಸಮ ಕಂಪಿಸುತ್ತ ಬರುತ್ತದೆ. ಫೋನಿನ ಪರದೆಯ ಬೆಳಕು ಮಾತ್ರ ಒಂದೇ ದಿಕ್ಕಿಗೆ ಕಂಪಿಸುತ್ತದೆ, ನನ್ನ ಕನ್ನಡಕ ಆ ದಿಕ್ಕನ್ನೇ ತಡೆದಿತ್ತು. ನಕ್ಷತ್ರದ ಸುತ್ತ ಧೂಳು ಸಿಕ್ಕರೆ ಆ ಕಂಪನ ಒಂದು ದಿಕ್ಕಿಗೆ ತುಸು ವಾಲುತ್ತದೆ. ಆ ವಾಲಿಕೆಯನ್ನು ಅಳೆಯುವುದು ನನ್ನ ಕೆಲಸವಾಗಿತ್ತು. ತೊಡಕೇನೆಂದರೆ, ದೂರದರ್ಶಕದ ಕನ್ನಡಿಯೂ ತನ್ನ ಪಾಲಿನ ವಾಲಿಕೆಯನ್ನು ಸದ್ದಿಲ್ಲದೆ ಸೇರಿಸಿಬಿಡುತ್ತದೆ. ಅದಕ್ಕೇ, ಏನೂ ವಾಲಿಕೆ ಇಲ್ಲವೆಂದು ಮೊದಲೇ ಗೊತ್ತಿರುವ ನಕ್ಷತ್ರಗಳನ್ನು ನೋಡಬೇಕು. ಅವುಗಳಲ್ಲಿ ಏನಾದರೂ ಕಂಡರೆ ಅದು ನಮ್ಮ ಉಪಕರಣದ್ದು, ಅಷ್ಟನ್ನು ಕಳೆಯಬೇಕು. ಅಂಥ ನಕ್ಷತ್ರಗಳಿಗೆ ನಮ್ಮ ವೀಕ್ಷಣಾಲಯದ ಮೆಕ್ಯಾನಿಕ್ ಶರಣಪ್ಪನವರು ಇಟ್ಟ ಹೆಸರು ಸಾದಾ ಚುಕ್ಕಿ.

ಶರಣಪ್ಪನವರು ಕಲಬುರಗಿ ಕಡೆಯವರು. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದು, ವೀಕ್ಷಣಾಲಯದ ಗೋಡೆ ಕಟ್ಟಿ, ಅಲ್ಲೇ ಉಳಿದು, ಹತ್ತಾರು ವರ್ಷದಲ್ಲಿ ಅದರ ಸ್ಕ್ರೂ ಸ್ಕ್ರೂ ಬಲ್ಲವರಾದರು. ನಮ್ಮಪ್ಪ ರಕ್ಷಣಾ ಕಾರ್ಖಾನೆಯ ಕೆಲಸಕ್ಕೆಂದು ಮೈಸೂರಿನಿಂದ ಬಂದವರು. ಊರೆಲ್ಲ ತೆಲುಗು, ಹಿಂದಿ ಮಾತಾಡಿಕೊಂಡು ಬಂದ ನಾನು ಅಲ್ಲಿ ಶರಣಪ್ಪನವರ ಜೊತೆ ಮಾತ್ರ ಕನ್ನಡ ಆಡುತ್ತಿದ್ದೆ. "ನಿಮ್ಮ ಕನ್ನಡ ಭಾಳ ಮೆತ್ತಗ ಐತ್ರಿ, ಅಕ್ಕಾರ" ಎನ್ನುತ್ತಿದ್ದರು. ಅದು ಹೊಗಳಿಕೆಯೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ.

ಆಗ ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿತ್ತು. ಅಮೀರ್‌ಪೇಟೆಯ ಗೋಡೆಗಳಲ್ಲಿ ಕೋರ್ಸುಗಳ ಚೀಟಿ ಅಂಟಿಸಲು ಜಾಗವಿರಲಿಲ್ಲ. ನಕ್ಷತ್ರ ಅನ್ನ ಹಾಕುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ನಾನೂ ಒಂದು ಬೆಳಗಿನ ತರಗತಿಗೆ ಸೇರಿದೆ. ಅದಕ್ಕೆ ವೀಕ್ಷಣಾಲಯದಿಂದ ಮೊದಲ ಬಸ್ಸು ಹಿಡಿಯಬೇಕು. ಸಾದಾ ಚುಕ್ಕಿಗಳ ಸರದಿ ರಾತ್ರಿಯ ಕೊನೆಗೆ. ಹೀಗಾಗಿ ಅವನ್ನು ಬಿಟ್ಟು ಓಡುತ್ತಿದ್ದೆ. ಹೋದ ವರ್ಷ ಅಳೆದದ್ದು ಇದೆಯಲ್ಲ, ಅದನ್ನೇ ಕಳೆದರಾಯಿತು ಎಂಬ ಜಾಣತನ.

ಆ ವರ್ಷ ಮಳೆಗಾಲ ಮುಗಿದ ಮೇಲೆ ನನ್ನ ನಕ್ಷತ್ರದ ವಾಲಿಕೆ ಒಮ್ಮೆಲೇ ಹೆಚ್ಚಿತು. ಅದು ಹೊಸದಾಗಿ ಧೂಳು ಉಗುಳಿದೆ ಎಂದು ನಾನು ಕುಣಿದಾಡಿಬಿಟ್ಟೆ. ಪ್ರಬಂಧ ಬರೆದೆ, ಗುರುಗಳು ಒಪ್ಪಿದರು, ಮರುದಿನ ವಿದೇಶದ ಪತ್ರಿಕೆಗೆ ಹೋಗಬೇಕು. ನಾಂಪಲ್ಲಿಯಿಂದ ಬಾದಾಮಿ ಬರ್ಫಿ ಕೊಂಡುಹೋಗಿ ಮೊದಲು ಶರಣಪ್ಪನವರಿಗೇ ಕೊಟ್ಟೆ. ಅವರು ಬರ್ಫಿ ಕೈಯಲ್ಲೇ ಹಿಡಿದು ಕೇಳಿದರು:

"ಸಾದಾ ಚುಕ್ಕಿ ಏನಂತಾವ್ರಿ?"

"ಹಳೇ ಅಳತೆ ಇತ್ತಲ್ಲ, ಅದನ್ನೇ ಹಾಕಿದೆ."

"ಮಳಿಗಾಲದಾಗ ಕನ್ನಡಿಗೆ ಹೊಸಾ ಅಲ್ಯೂಮಿನಿಯಂ ಲೇಪ ಹಾಕೇವಿ. ಮರತ್ರೇನ್ರಿ?"

ಮರೆತಿದ್ದೆ. ಅವರು ಬರ್ಫಿಯನ್ನು ಕಾಗದದ ಮೇಲಿಟ್ಟು ಒಳಗಿನಿಂದ ಒಂದು ಎಣ್ಣೆ ಕಲೆಯ ನೋಟ್‌ಬುಕ್ಕು ತಂದರು. ನಾನು ಬಸ್ಸಿಗೆ ಓಡಿದ ಪ್ರತಿ ಮುಂಜಾವಿನಲ್ಲೂ ಅವರೇ ಎರಡೆರಡು ಸಾದಾ ಚುಕ್ಕಿ ಅಳೆದು ಬರೆದಿಟ್ಟಿದ್ದರು. ಏನೂ ವಾಲಿಕೆ ಇರಬಾರದ ಆ ಚುಕ್ಕಿಗಳಲ್ಲೂ ಮಳೆಗಾಲದ ನಂತರ ಅಷ್ಟೇ ವಾಲಿಕೆ ಹೆಚ್ಚಿತ್ತು. ನಕ್ಷತ್ರ ಏನನ್ನೂ ಉಗುಳಿರಲಿಲ್ಲ. ಬದಲಾದದ್ದು ನಮ್ಮ ಕನ್ನಡಿ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಅವರ ಮೇಲೇ ರೇಗಿದೆ.

"ನೀವು ಕೇಳ್ತೀರಿ ಅಂತ ದಾರಿ ನೋಡಾಕತ್ತಿದ್ದೆ. ಇವತ್ತ ಕೇಳದಿದ್ರೂ ಹೇಳಬೇಕಾತು," ಎಂದರು. "ತಪ್ಪು ಹೋಗಿ ಅಚ್ಚಾದ ಮ್ಯಾಲ ಹಿಂದಕ ತರಾಕ ಬರೂದಿಲ್ರಿ."

ಅಲ್ಲೇ ಕೂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಚಹಾ ತಂದಿಟ್ಟರು, ಬರ್ಫಿ ತಿಂದು "ಛಲೋ ಐತಿ" ಎಂದರು. ಗುರುಗಳಿಂದ ಪ್ರಬಂಧ ವಾಪಸು ಪಡೆದೆ, ಕಂಪ್ಯೂಟರ್ ತರಗತಿ ಬಿಟ್ಟೆ. ಇನ್ನೊಂದು ವರ್ಷ ಹಿಡಿದು ಥೀಸಿಸ್ ಮುಗಿಸಿದೆ. ಅದರಲ್ಲಿ ದೊಡ್ಡ ಶೋಧ ಯಾವುದೂ ಇಲ್ಲ, ಆದರೆ ಸುಳ್ಳೂ ಇಲ್ಲ. ಆ ನೆಲದ ಮೇಲೆ ನಿಂತೇ ನಾನು ಈವರೆಗೂ ಅಧ್ಯಾಪಕಿಯಾಗಿ ಪಾಠ ಮಾಡುತ್ತ ಬಂದಿದ್ದೇನೆ.

ಅಂಗಡಿಯಿಂದ ಮನೆಗೆ ಬಂದವಳು ಥೀಸಿಸ್ ತೆಗೆದು ಕೃತಜ್ಞತೆಯ ಪುಟ ನೋಡಿದೆ. ಗುರುಗಳು, ಅಪ್ಪ, ಅಮ್ಮ, ಗೆಳತಿಯರು, ಟೈಪ್ ಮಾಡಿದವರು ಕೂಡ. ಶರಣಪ್ಪನವರು ಇಲ್ಲ! ಇಷ್ಟು ವರ್ಷ ನನಗದು ಕಂಡೇ ಇರಲಿಲ್ಲ. ಮರುದಿನವೇ ಮಲ್ಕಾಜ್‌ಗಿರಿಗೆ ಹೋದೆ. ನಿವೃತ್ತರಾದ ಮೇಲೆ ಅವರು ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊದಲು ಕನ್ನಡಕದ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, ತಡವರಿಸುತ್ತ, ಪುಸ್ತಕದಲ್ಲಿ ಅವರ ಹೆಸರು ಬಿಟ್ಟುಹೋದದ್ದನ್ನು ಹೇಳಿದೆ.

"ಗೊತ್ತೈತ್ರಿ," ಎಂದರು. "ಬೈಂಡ್ ಆಗಿ ಬಂದ ದಿನಾನ ನೋಡೀನಿ. ನನ್ನ ಹೆಸರಿನ ಅಕ್ಷರಾ ಬಿಟ್ರ ನನಗ ಇಂಗ್ಲಿಷ್ ಎಲ್ಲಿ ಬರತೈತಿ? ಅಂಕಿ ಬರತಾವ. ಮೂರನೇ ಪಟ್ಟಿ ತಗದೆ. ನಾ ಬರದ ಸಾದಾ ಚುಕ್ಕಿ ಒಂದೂ ಬಿಡದಂಗ ಹಾಕೀರಿ. ಮತ್ತೇನ್ ಬೇಕ್ರಿ?"

ನನಗೆ ಬೇಕಿತ್ತು. ಚೀಲದಿಂದ ಥೀಸಿಸ್ ತೆಗೆದು, ಅವರ ಎದುರಿಗೇ ಮೂರನೇ ಪಟ್ಟಿಯ ಕೆಳಗೆ ಪೆನ್ನಿನಲ್ಲಿ, ಕನ್ನಡದಲ್ಲಿ ಬರೆದೆ: ಈ ಅಳತೆಗಳು ಶರಣಪ್ಪನವರವು. ಅವರು ಪುಸ್ತಕ ಇಸಕೊಂಡು ಬೆಳಕಿಗೆ ಹಿಡಿದರು. ಓದುತ್ತಾರೆ ಅಂದುಕೊಂಡೆ. ಅವರು ಮೇಲಿಂದ ಕೆಳಗೆ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು, ಎಲ್ಲ ಸರಿಯಿದೆಯೇ ಎಂದು ಮತ್ತೊಮ್ಮೆ ನೋಡತೊಡಗಿದರು.