ನಾರುಹುಣ್ಣಿನ ಪಾಠ

ಮಾನ್ವಿಯ ಶಾಲೆಗೆ ಸೇರಿದ ಹೊಸದರಲ್ಲಿ ನಮ್ಮ ಹೆಡ್‌ಮಾಸ್ತರರು ಒಂದು ದಿನ ನನ್ನ ತರಗತಿಯ ಬಾಗಿಲಲ್ಲಿ ಬಂದು ನಿಂತರು. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು ಜಗಳಾಡುತ್ತಿದ್ದರು. ಒದ್ದೆ ಅರಿವೆ ಬಿಸಿಲಿಗೆ ಬೇಗ ಒಣಗುತ್ತದೋ ಗಾಳಿಗೋ ಎಂಬುದು ಅವರ ಜಗಳ. ನಾನು ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದೆ.

"ಟೀಚರ್, ನೀವು ಹೇಳಿಬಿಟ್ರ ಒಂದು ಗಳಿಗಿ ಪಾಠ ಇದು. ಇಂಥಾದ್ದೆಲ್ಲ ಎಲ್ಲಿ ಕಲ್ತೀರಿ?" ಎಂದು ಕೇಳಿದರು.

ಟ್ರೇನಿಂಗಿನಲ್ಲಿ ಎಂದೆ. ಹಾಗಂದದ್ದು ಮಾತು ಮುಗಿಸುವುದಕ್ಕಷ್ಟೆ. ನಾನು ಇದನ್ನು ಕಲಿತದ್ದು ದೇವದುರ್ಗದ ಹತ್ತಿರದ ನಮ್ಮೂರಿನಲ್ಲಿ, ಏಳನೇ ತರಗತಿಯಲ್ಲಿ, ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಆಗ ನನ್ನ ಪಕ್ಕದಲ್ಲಿ ನನ್ನ ಅಕ್ಕ ಕೂರುತ್ತಿದ್ದಳು.

ಅಕ್ಕ ನನಗಿಂತ ದೊಡ್ಡವಳು. ಅಪ್ಪ, ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳೇ. ನಾನು ನಡೆಯಲು ಕಲಿತು, ಶಾಲೆಗೆ ಹೋಗುವಷ್ಟಾದ ಮೇಲೆ ಇಬ್ಬರೂ ಕೂಡಿಯೇ ಸೇರಿದೆವು. ಹೀಗಾಗಿ ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಎತ್ತರ. ಪ್ರಶ್ನೆ ಕೇಳುವುದರಲ್ಲೂ ಅವಳದೇ ಮುಂದಾಳುತನ.

ಆ ಜೂನಿನಲ್ಲಿ ರಾಯಚೂರಿನಿಂದ ಒಬ್ಬ ಹೊಸ ಮಾಸ್ತರರು ಬಂದರು. ಸಣ್ಣ ದೇಹ, ಬಿಳಿ ಪೈಜಾಮ, ಮೆಲುದನಿ. ಮನೆಯಲ್ಲಿ ದಖನಿ ಉರ್ದು ಆಡುವವರು. ನಮ್ಮ ಜೊತೆ ನಮ್ಮ ಮಾತೇ. ಬಂದವರೇ ವಿಜ್ಞಾನದ ಪುಸ್ತಕ ಮುಚ್ಚಿಸಿ, "ನಿಮ್ಮೂರಾಗ ಮಂದಿಗೆ ಭಾಳ ತ್ರಾಸು ಕೊಡೋದು ಯಾವುದು, ಹೇಳ್ರಿ" ಎಂದರು. ಒಬ್ಬ ಚೇಳು ಎಂದ, ಇನ್ನೊಬ್ಬ ಬಿಸಿಲು ಎಂದ. ಅಕ್ಕ ಎದ್ದು ನಿಂತು, "ನಾರುಹುಣ್ಣು ರೀ ಸರ" ಎಂದಳು.

ಈಗಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. ಬೇಸಿಗೆ ಬಂತೆಂದರೆ ನಮ್ಮ ಕೇರಿಯಲ್ಲಿ ಯಾರದಾದರೂ ಕಾಲಿನಲ್ಲಿ ಬೊಕ್ಕೆ ಎದ್ದು, ಉರಿದು, ಒಡೆದು, ಅದರೊಳಗಿಂದ ಬಿಳಿ ದಾರದಂಥ ಹುಳ ಹೊರಗೆ ತಲೆ ಹಾಕುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕಿಷ್ಟೇ ಇಷ್ಟು ಎಳೆಯಬೇಕು. ಅವಸರ ಮಾಡಿದರೆ ಒಳಗೇ ಹರಿದು ಕಾಲು ಕೊಳೆಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ಸಿಗುವ ಕೂಲಿಯ ದಿನಗಳಲ್ಲೇ ಜನ ಗುಡಿಸಲ ಮುಂದೆ ಕಾಲು ಚಾಚಿ ಕೂತಿರುತ್ತಿದ್ದರು. ದೇವರ ಕಾಟ ಎನ್ನುತ್ತಿದ್ದರು, ಕೆಟ್ಟ ರಕ್ತ ಎನ್ನುತ್ತಿದ್ದರು.

"ಯಾರಿಗೆ ಬರ್ತದ? ಯಾರಿಗೆ ಬರಂಗಿಲ್ಲ? ನಂಗ ಕೇಳಬ್ಯಾಡ್ರಿ. ಹೋಗಿ ನೋಡ್ಕೊಂಡು ಬರ್ರಿ" ಎಂದರು ಮಾಸ್ತರರು.

ಮಳೆಗಾಲವೆಲ್ಲ ನಾವು ಅದನ್ನೇ ಮಾಡಿದೆವು. ಒಬ್ಬೊಬ್ಬರು ತಮ್ಮ ಓಣಿಯ ಮನೆಗಳಿಗೆ ಹೋಗಿ ಕೇಳಿ ಬರುವುದು. ತರಗತಿಯ ನೆಲದ ಮೇಲೆ ಸುಣ್ಣದಿಂದ ಊರಿನ ಓಣಿಗಳನ್ನು ಬರೆದು, ಹುಣ್ಣು ಆದ ಮನೆಗೆ ಹುಣಸೆ ಬೀಜ, ಆಗದ ಮನೆಗೆ ಜೋಳದ ಕಾಳು ಇಡುವುದು. ಮೊದಮೊದಲು ನಗು, ಗದ್ದಲ. ಊಟ ಕಾರಣ ಎಂದವರು ತಮ್ಮ ತಮ್ಮ ಮನೆಯ ಊಟ ಹೇಳಿ ಸೋತರು. ಬರಿಗಾಲು ಕಾರಣ ಎಂದವರಿಗೆ, ಊರಗೌಡರ ಮನೆಯಾಳುಗಳೂ ಬರಿಗಾಲೇ, ಅವರಿಗೇಕೆ ಬರುವುದಿಲ್ಲ ಎಂದು ಅಕ್ಕ ಕೇಳಿದಳು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಮೊದಲ ಬೇಸಿಗೆ ಏನೂ ಆಗುವುದಿಲ್ಲ, ಮುಂದಿನ ಬೇಸಿಗೆಗೆ ಹುಣ್ಣು ಏಳುತ್ತದೆ ಎಂದು ಕಂಡು ಬಂದವಳೂ ಅವಳೇ. ಮಾಸ್ತರರು ಅವತ್ತು ಕುರ್ಚಿಯಿಂದ ಎದ್ದುಬಿಟ್ಟರು. "ಶಾಬಾಸ್ ಬೇಟಿ! ಹಂಗಾದ್ರ ಅದು ಮೈಯಾಗ ಎಷ್ಟು ದಿನ ಇರ್ತದ?" ಒಂದು ವರ್ಷ ಎಂದು ಇಡೀ ತರಗತಿ ಕೂಗಿತು.

ದೀಪಾವಳಿಯ ಹೊತ್ತಿಗೆ ನೆಲ ತಾನೇ ಮಾತಾಡಿತು. ಹುಣಸೆ ಬೀಜಗಳೆಲ್ಲ ಊರ ಹೊರಗಿನ ಮೆಟ್ಟಿಲು ಬಾವಿಯ ಸುತ್ತ ಗುಂಪಾಗಿದ್ದವು. ಊರ ನಡುವಿನ ಸೇದುವ ಬಾವಿಯ ಸುತ್ತ ಬರೀ ಜೋಳ. ಮೆಟ್ಟಿಲು ಬಾವಿಯಲ್ಲಿ ಹುಣ್ಣಿನ ಕಾಲನ್ನು ನೀರಿಗೆ ಇಳಿಸಿಯೇ ಕೊಡ ತುಂಬಬೇಕು. ಮಾಸ್ತರರು ಆ ನೀರನ್ನು ಗಾಜಿನ ಲೋಟದಲ್ಲಿ ತಂದು ಬಿಸಿಲಿಗೆ ಹಿಡಿದರು, ಭೂತಗನ್ನಡಿ ಕೊಟ್ಟರು. ಬಿಳಿಯ ಚುಕ್ಕಿಗಳು ಪುಟಪುಟ ಜಿಗಿಯುತ್ತಿದ್ದವು. ಕಾಲಿನ ಹುಳ ನೀರಿಗೆ ಬಿಟ್ಟ ಮರಿ ಆ ಚುಕ್ಕಿಗಳ ಹೊಟ್ಟೆ ಸೇರಿ, ನೀರಿನ ಜೊತೆ ನಮ್ಮ ಹೊಟ್ಟೆ ಸೇರುತ್ತದೆ ಎಂದು ಅವತ್ತು ಮಾತ್ರ ಅವರೇ ಬಾಯಿಬಿಟ್ಟು ಹೇಳಿದರು.

ಎಲ್ಲರೂ ಚಪ್ಪಾಳೆ ತಟ್ಟುವಾಗ ಅಕ್ಕ ಮತ್ತೆ ಎದ್ದಳು. "ಸರ, ಮತ್ತ ನಾವು ಯಾಕ ಸೇದೋ ಬಾವಿ ನೀರು ತರಂಗಿಲ್ರಿ?"

ಅದಕ್ಕೆ ಉತ್ತರ ಗೊತ್ತಿಲ್ಲದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಮ್ಮ ಕೇರಿಯವರು ಆ ಬಾವಿಯ ಕಟ್ಟೆ ಮುಟ್ಟುವಂತಿರಲಿಲ್ಲ. ಊರ ಹುಡುಗರು ತಲೆ ಬಗ್ಗಿಸಿ ನೆಲದ ಮೇಲಿನ ಕಾಳು ನೋಡತೊಡಗಿದರು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ಊರ ಹಿರಿಯರ ಮನೆಗೆ ಹೋದರು. ನಾವಿಬ್ಬರೂ ದೂರದ ಬೇವಿನ ಮರದಡಿ ನಿಂತು ನೋಡಿದೆವು. ಹಿರಿಯರು ಚಹಾ ಕೊಟ್ಟರು, ಎಲ್ಲ ಕೇಳಿದರು. ಕೊನೆಗೆ ನಮಗೂ ಕೇಳುವಷ್ಟು ಜೋರಾಗಿ ಒಂದೇ ಮಾತು: "ಮಾಸ್ತರ, ನೀವು ಪಾಠ ಮಾಡಾಕ ಬಂದೀರಿ. ಪಾಠ ಮಾಡ್ರಿ."

ವಾಪಸು ಬರುವಾಗ ಮಾಸ್ತರರು ಅಕ್ಕನ ಮುಖ ನೋಡಲಿಲ್ಲ. "ಆ ಬಾವಿ ನೀರು ಸಿಗೂತನಕ ಈ ನೀರು ಸೋಸಿ ಕುಡೀರಿ ಬೇಟಿ. ಎರಡು ಪದರ ಅರಿವಿ" ಎಂದಷ್ಟೇ ಹೇಳಿದರು.

ಅಕ್ಕ ಅದನ್ನೇ ಹಿಡಿದಳು. ಅವ್ವನ ಹಳೆಯ ಸೀರೆ ಹರಿದು, ಭೂತಗನ್ನಡಿ ಕೇಳಿ ತಂದು, ಕೇರಿಯ ಮನೆಮನೆಗೆ ನಡೆದಳು. ಸೋಸಿದ ಅರಿವೆಯನ್ನು ಲೋಟದ ನೀರಲ್ಲಿ ಅದ್ದಿ, ಉಳಿದ ಚುಕ್ಕಿಗಳನ್ನು ತೋರಿಸುತ್ತಿದ್ದಳು. ಮುದುಕಿಯರು, "ಏನಬೇ, ನೀನು ಡಾಕ್ಟರಬಾಯಿ ಆದೇನು?" ಎಂದು ನಗುತ್ತಿದ್ದರು. ನಕ್ಕವರೂ ಎರಡು ದಿನಕ್ಕೆ ಕೊಡದ ಬಾಯಿಗೆ ಅರಿವೆ ಕಟ್ಟಿದರು. ಅವಳು ಅಷ್ಟು ಖುಷಿಯಿಂದ ಇದ್ದ ದಿನಗಳನ್ನು ನಾನು ಮತ್ತೆ ನೋಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ, ನಮ್ಮ ಏಳನೇ ತರಗತಿಯ ಪರೀಕ್ಷೆ ನಡೆದಾಗ, ಅವಳ ಹಿಮ್ಮಡಿಯ ಮೇಲೆ ಬೊಕ್ಕೆ ಎದ್ದಿತು. ಅವಳು ಅಳಲಿಲ್ಲ. "ಇದು ಹ್ವಾದ ಬ್ಯಾಸಗೀದು. ಆಗ ಕುಡದಿದ್ದು. ಮುಂದಿನ ವರ್ಷ ಯಾರಿಗೂ ಬರಂಗಿಲ್ಲ ನೋಡು" ಎಂದು ನನಗೇ ಧೈರ್ಯ ಹೇಳಿದಳು. ಕುಂಟುತ್ತ ಹೋಗಿ ಪರೀಕ್ಷೆ ಬರೆದಳು. ದಾರಿಯಲ್ಲಿ ಕಡ್ಡಿ ಎಲ್ಲೋ ಸಿಕ್ಕಿ ಹುಳ ಹರಿಯಿತು. ಕಾಲು ಬಾತಿತು. ಅವ್ವ ಯಾರೋ ಹೇಳಿದ ಸೊಪ್ಪು ಅರೆದು ಕಟ್ಟಿದಳು. ಕೆಲವು ದಿನಗಳಲ್ಲಿ ಅವಳ ದವಡೆ ಬಿಗಿದುಕೊಂಡಿತು. ನೀರು ಕುಡಿಸಲು ಹೋದರೆ ಬಾಯಿ ತೆರೆಯದು.

ರಜೆಗೆ ಹೊರಟಿದ್ದ ಮಾಸ್ತರರು ಟ್ರಂಕು ಅಲ್ಲೇ ಬಿಟ್ಟು ಅಪ್ಪನ ಜೊತೆ ಅವಳನ್ನು ದೇವದುರ್ಗಕ್ಕೆ, ಅಲ್ಲಿಂದ ರಾಯಚೂರಿಗೆ ಕರೆದೊಯ್ದರು. ಬಸ್ಸಿನಲ್ಲಿ ಉದ್ದಕ್ಕೂ ಅವಳ ತಲೆ ಅವರ ತೊಡೆಯ ಮೇಲಿತ್ತಂತೆ. ಧನುರ್ವಾಯು ಎಂದರು ಡಾಕ್ಟರು. ತಡವಾಗಿತ್ತು. ಬಿಲ್ಲಿನಂತೆ ಬಾಗಿದ್ದ ಮೈಯನ್ನು ಅಪ್ಪ ಕಂಬಳಿಯಲ್ಲಿ ಸುತ್ತಿ ತಂದ. ಅಷ್ಟು ಎತ್ತರದ ಹುಡುಗಿ ಆ ಕಂಬಳಿಯೊಳಗೆ ಎಷ್ಟು ಸಣ್ಣಗಾಗಿದ್ದಳು!

ಮಣ್ಣಾದ ಮೂರನೆಯ ದಿನ ಮಾಸ್ತರರು ಕೇರಿಗೆ ಬಂದು ನಮ್ಮ ಗುಡಿಸಲ ಮುಂದೆ ನೆಲದ ಮೇಲೆ ಕೂತರು. ಅವ್ವ ಬಾಗಿಲಿಗೆ ಒರಗಿ ಕೂತಿದ್ದಳು.

"ಸರ, ಈ ಹುಳ ನೀರಾಗ ಬರ್ತದಂತ ನಿಮಗ ಮೊದ್ಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು ಯವ್ವಾ."

"ಸಾಲಿಗೆ ಬಂದ ದಿನಾನ ಗೊತ್ತಿತ್ತೇನ್ರಿ?"

"ಹೌದು."

"ಮತ್ತ ಅವತ್ತ ಹೇಳಬೇಕಿತ್ತಲ್ರಿ."

ಮಾಸ್ತರರು ಬಂದದ್ದು ಜೂನಿನಲ್ಲಿ, ಅಕ್ಕ ಆ ನೀರು ಕುಡಿದದ್ದು ಅದಕ್ಕೂ ಮುಂಚಿನ ಬೇಸಿಗೆಯಲ್ಲಿ. ಅವರು ಹೇಳಿದ್ದರೂ ಅವಳು ಉಳಿಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಗಳನ್ನು ಕಳೆದುಕೊಂಡು ಕೂತವಳ ಮುಂದೆ ತಿಂಗಳ ಲೆಕ್ಕ ಹೇಳುವ ಬಾಯಿ ಇಬ್ಬರಿಗೂ ಬರಲಿಲ್ಲ. ಆ ರಜೆಯಲ್ಲೇ ಅವರು ವರ್ಗ ಮಾಡಿಸಿಕೊಂಡು ಹೋದರು.

ಕೇರಿಯಲ್ಲಿ ಮರುವರ್ಷ ಹುಣ್ಣು ಎದ್ದ ಕಾಲುಗಳು ಕಡಿಮೆಯಾದವು. ಎಂಬತ್ತರ ದಶಕದಲ್ಲಿ ಸರಕಾರದವರು ಕೊಳವೆಬಾವಿ ತೋಡಿಸಿ ಕೈಪಂಪು ಕೂಡಿಸಿದರು. ಸೇದುವ ಬಾವಿಯ ಕಟ್ಟೆ ಮಾತ್ರ ಹಾಗೆಯೇ ಇತ್ತು.

ಆ ದಶಕದ ನಡುವೆ ರಾಯಚೂರಿನಲ್ಲಿ ನಮ್ಮಂಥ ಶಿಕ್ಷಕರಿಗೆ ತರಬೇತಿ ಶಿಬಿರ. ಚಟುವಟಿಕೆಯಿಂದ ಕಲಿಸುವುದು ಹೊಸ ವಿಧಾನ ಎಂದು ಬೇರೆ ಊರಿಂದ ಬಂದವರು ವಿವರಿಸಿದರು. ಸಂಜೆ ಮಾಸ್ತರರ ಮನೆ ಹುಡುಕಿಕೊಂಡು ಹೋದೆ. ಪಡಸಾಲೆಯಲ್ಲಿ ಟ್ಯೂಷನ್ನಿನ ಮಕ್ಕಳು ಸಾಲಾಗಿ ಕೂತು, ಅವರು ಹೇಳಿದ ಉತ್ತರವನ್ನು ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದರು. ನನ್ನ ಗುರುತು ಹತ್ತಿದಾಗ ಮಕ್ಕಳನ್ನು ಕಳಿಸಿ ಚಹಾ ತರಿಸಿದರು.

"ಈಗ ಹಂಗ ಕಲಸಂಗಿಲ್ಲೇನ್ರಿ ಸರ?"

"ಇಲ್ಲ ಬೇಟಿ. ಮೊದ್ಲ ಉತ್ತರ ಹೇಳ್ತೀನಿ."

ಅವ್ವನ ಮುಂದೆ ಹೇಳಲಾಗದೆ ಉಳಿದ ಲೆಕ್ಕವನ್ನು ಆಗ ಹೇಳಿದೆ. ಅವರು ತಲೆಯಾಡಿಸಿದರು. "ನಾನೂ ಎಣಿಸೀನಿ. ಅಕಿ ಉಳೀತಿದ್ದಿಲ್ಲ, ಖರೆ. ಆದ್ರ ಜೂನಿನಿಂದ ದೀಪಾವಳಿತನಕ ಬ್ಯಾರೆ ಎಷ್ಟು ಮಂದಿ ಆ ನೀರು ಕುಡಿದಿರಬೇಕು?"

"ನೀವು ಹೇಳಿದ್ರ ಯಾರು ಕೇಳ್ತಿದ್ರು ಸರ? ಅಕ್ಕ ತಾನ ಕಂಡುಹಿಡಿದು ತೋರಿಸಿದ್ದಕ್ಕ ಕೇಳಿದ್ರು."

"ಇರಬಹುದು" ಎಂದರು. ನಂಬಿದಂತೆ ಕಾಣಲಿಲ್ಲ. ನನಗೂ ಪೂರ್ತಿ ನಂಬಿಕೆಯಿರಲಿಲ್ಲ. ಇವತ್ತಿಗೂ ಮಕ್ಕಳ ಮುಂದೆ ಪ್ರಶ್ನೆ ಇಟ್ಟು ಸುಮ್ಮನಾಗುವ ಮೊದಲು, ಇದರ ಉತ್ತರಕ್ಕೆ ಯಾರಾದರೂ ಕಾಯಲಾರದೆ ಇದ್ದಾರೆಯೇ ಎಂದು ಯೋಚಿಸುತ್ತೇನೆ. ಇದ್ದರೆ ಹೇಳಿಬಿಡುತ್ತೇನೆ. ಆ ಸಂಜೆ ನಾನು ಹೊರಡುವಾಗ ಮಾಸ್ತರರು, "ಅವ್ವ ಹೆಂಗದಾರ?" ಎಂದು ಕೇಳಿದರು, ಬೇರೆ ಕಡೆ ನೋಡುತ್ತ.

ಊರಿಗೆ ಹೋದಾಗ, ಮಾಸ್ತರರು ಸಿಕ್ಕದ್ದನ್ನೂ ಆ ತಿಂಗಳ ಲೆಕ್ಕವನ್ನೂ ಅವ್ವನಿಗೆ ಹೇಳಿದೆ. ಮರುದಿನ ನಾನು ಬಸ್ಸಿಗೆ ಹೊರಟಾಗ ಅವ್ವ, "ಅವರಿಗೆ ಒಮ್ಮಿ ಬರಾಕ ಹೇಳು. ನಾ ಅವತ್ತು ಹಂಗ ಅಂದೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ಮುಂದೆ ನಾನು ರಾಯಚೂರಿಗೆ ಹೋಗುವಷ್ಟರಲ್ಲಿ ಮಾಸ್ತರರು ತೀರಿಹೋಗಿದ್ದರು. ಚಳಿಗಾಲದಲ್ಲಿ, ಎದೆನೋವಿನಿಂದ. ಅವರ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದರು. ಅವ್ವನಿಗೆ ಸುದ್ದಿ ಮುಟ್ಟಿಸಿದಾಗ ಅವಳು ಜೋಳ ಕೇರುತ್ತಿದ್ದಳು. ಮೊರವನ್ನು ಕೆಳಗಿಟ್ಟಳು.

"ಅವರಿಗೆ ಹೆಣ್ಣುಮಕ್ಕಳು ಇದ್ರೇನು?"

"ಮಕ್ಕಳೇ ಇರಲಿಲ್ಲಬೇ" ಎಂದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ದಿನ ಜೋಳ ಹಾಗೇ ಉಳಿಯಿತು.